ಹುಲ್ಲೆಂದು ಕತ್ತರಿಸಿದ ಸದ್ದು

ಇದನ್ನು ಬರೆಯುವುದನ್ನು ನಾನು ಬಹಳ ಕಾಲ ಮುಂದೂಡಿದ್ದೇನೆ. ಮೊದಲು ಕಣ್ಣಿನ ಪೊರೆಯ ನೆಪ ಹೇಳಿದೆ. ಪೊರೆ ತೆಗೆಸಿದ ಮೇಲೆ ಕೈ ನಡುಗುತ್ತದೆ ಎಂದೆ. ನನ್ನ ಕೈ ನಡುಗುವುದಿಲ್ಲ. ಈಗಲೂ ಸೂಜಿಗೆ ದಾರ ಪೋಣಿಸುತ್ತೇನೆ. ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಯವರು ಮನೆಗೆ ಬಂದು, "ನಿಮ್ಮ ಆ ಡಾಲ್ಫಿನ್ ಕತೆ ಬರೆದುಕೊಡಿ, ಅವತ್ತು ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರಲ್ಲ" ಎಂದಾಗಲೆಲ್ಲ ಮೈ ಉರಿಯುತ್ತದೆ. ಅವರ ಮೇಲಿನ ಸಿಟ್ಟಲ್ಲ. ಮುಂಬೈ ಹತ್ತಿರದ ಡೊಂಬಿವಲಿಯ ಆ ಸಭಾಗೃಹದಲ್ಲಿ ಮೈಕ್ ಹಿಡಿದು, ಕಲಬುರಗಿ ಕಡೆಯ ಒಬ್ಬ ಹೆಂಗಸಿನ ಮಾತಿನ ಧಾಟಿಯನ್ನು ಅಣಕಿಸಿ, ಅವಳು ಖಾಲಿ ನೀರಿನಲ್ಲಿ ಡಾಲ್ಫಿನ್ ಸದ್ದು ಕೇಳಿಸಿಕೊಂಡಳು ಎಂದು ನಗಿಸಿದವನು ನಾನೇ. ಅವತ್ತು ಶಾಲು ಹೊದಿಸಿದರು. ಶಾಲು ಕಪಾಟಿನಲ್ಲಿದೆ. ಕತೆ ಸುಳ್ಳು. ನಡೆದದ್ದನ್ನು ಈಗ ಬರೆಯುತ್ತೇನೆ, ನಗುವವರು ನಗಲಿ.

ನಾನು ಎಸ್ಸೆಸ್ಸೆಲ್ಸಿ ಓದಿದವನು. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕಬ್ಬಿಣದ ಟ್ಯಾಂಕು, ಪೈಪುಗಳ ವೆಲ್ಡಿಂಗ್ ಒಳಗೆ ಬಿರುಕು ಇದೆಯೇ ಎಂದು ಸದ್ದಿನಿಂದ ನೋಡುವುದು ನನ್ನ ಕೆಲಸವಾಗಿತ್ತು. ತಗಡಿಗೆ ಗ್ರೀಸ್ ಹಚ್ಚಿ, ಹೆಬ್ಬೆರಳಿನಷ್ಟು ದಪ್ಪದ ಪ್ರೋಬನ್ನು ಒತ್ತಿ ಹಿಡಿಯಬೇಕು. ಕಿವಿಗೆ ಕೇಳಿಸದ ಸದ್ದು ಅದರಿಂದ ಒಳಗೆ ಹೋಗಿ, ಹಿಂದಿನ ಗೋಡೆಗೆ ಬಡಿದು, ಮರಳಿ ಬರುತ್ತದೆ. ನಡುವೆ ಬಿರುಕಿದ್ದರೆ ಬೇಗ ಬರುತ್ತದೆ. ಸ್ಕ್ರೀನಿನ ಮೇಲೆ ಅದು ಗೂಟದ ಹಾಗೆ ಏಳುತ್ತದೆ. ಕೆಳಗೆ, ಗೆರೆಗೆ ಅಂಟಿಕೊಂಡು, ಸಣ್ಣ ಸಣ್ಣ ಅಲುಗಾಟ ಯಾವಾಗಲೂ ಇರುತ್ತದೆ. ಅದಕ್ಕೆ ನಮ್ಮಲ್ಲಿ ಹುಲ್ಲು ಎನ್ನುತ್ತಾರೆ. ಯಂತ್ರದಲ್ಲಿ ರಿಜೆಕ್ಟ್ ಎಂಬ ಗುಂಡಿಯೊಂದಿದೆ. ತಿರುಗಿಸಿದರೆ ಹುಲ್ಲು ಕತ್ತರಿಸಿದಂತೆ ಹೋಗಿ ಸ್ಕ್ರೀನ್ ಬೋಳಾಗುತ್ತದೆ. ಹುಲ್ಲಿನ ಜೊತೆ ಸಣ್ಣ ಬಿರುಕಿನ ಸದ್ದೂ ಹೋಗಬಹುದು. ಅದಕ್ಕೇ ಆ ಗುಂಡಿ ಸೊನ್ನೆಯಲ್ಲೇ ಇರಬೇಕು ಎಂದು ಪುಸ್ತಕದಲ್ಲಿ ಬರೆದಿರುತ್ತದೆ. ಆದರೆ ನನಗೆ ಕೆಲಸ ಕಲಿಸಿದ ಉಸ್ತಾದ ಹೇಳಿಕೊಟ್ಟದ್ದು ಬೇರೆ: "ಪಾರ್ಟಿ ಕೋ ಘಾಸ್ ಮತ್ ದಿಖಾನಾ." ಕೆಲಸ ಕೊಟ್ಟವನಿಗೆ ಹುಲ್ಲು ತೋರಿಸಬಾರದು. ಇನ್‌ಸ್ಪೆಕ್ಟರ್ ಗೇಟಿನೊಳಗೆ ಬಂದನೆಂದರೆ ನಮ್ಮ ಬೆರಳು ತಾನಾಗಿ ಆ ಗುಂಡಿಗೆ ಹೋಗುತ್ತಿತ್ತು. ಸ್ವಚ್ಛ ಸ್ಕ್ರೀನ್, ಚಹಾ, ಸಹಿ. ಇಡೀ ಲೈನಿನಲ್ಲಿ ಎಲ್ಲರೂ ಹೀಗೇ. ನನ್ನ ಬೆರಳಿಗೆ ಆ ಚಾಳಿ ಎಷ್ಟು ಹತ್ತಿತ್ತೆಂದರೆ, ನಾನು ತಿರುಗಿಸುತ್ತಿದ್ದೇನೆ ಎಂಬುದೇ ನನಗೆ ಗೊತ್ತಾಗುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಬೇಲಾಪುರದ ಒಂದು ಸರ್ವೆ ಕಚೇರಿಯವರು ಕರೆದರು. ಖಾಡಿ ಎನ್ನುವ ಉಪ್ಪುನೀರಿನ ಹೊಳೆ ಸಮುದ್ರಕ್ಕೆ ಬಾಯಿ ತೆರೆಯುವಲ್ಲಿ ಒಂದು ಜೆಟ್ಟಿ ಕಟ್ಟುವವರಿದ್ದರು. ಕಬ್ಬಿಣದ ಕಂಬಗಳನ್ನು ತಳಕ್ಕೆ ಬಡಿಯುವ ಮೊದಲು ಆ ನೀರಿನಲ್ಲಿ ಡಾಲ್ಫಿನ್ ಬರುತ್ತವೆಯೇ ಎಂದು ನೋಡಬೇಕಿತ್ತು. ಬರುವುದಾದರೆ ಚಳಿಗಾಲ ಮುಗಿಯುವ ತನಕ ಬಡಿಯುವಂತಿಲ್ಲ. ಇಲ್ಲವಾದರೆ ಮರುವಾರವೇ ಶುರು. "ಕಾಕಾ, ನೀವು ಅಲ್ಟ್ರಾಸೋನಿಕ್ ಅಲ್ಲವಾ, ಇದೂ ಅದೇ, ನೀರಿನಲ್ಲಿ" ಎಂದ ಅಲ್ಲಿನ ಎಂಜಿನಿಯರ್. ನನಗೂ ಮನೆಯಲ್ಲಿ ಕೂತು ಬೇಜಾರಾಗಿತ್ತು.

ಎರಡು ದಿನ ತರಬೇತಿ ಕೊಡಲು ಬೆಂಗಳೂರಿನಿಂದ ಒಬ್ಬ ವಿಜ್ಞಾನಿ ಬಂದಿದ್ದಳು. ಚಿಕ್ಕ ವಯಸ್ಸಿನ ಹುಡುಗಿ, ಪುಸ್ತಕ ನೋಡದೆ ಮಾತಾಡುತ್ತಿದ್ದಳು.

"ಅಂಕಲ್, ಈ ಕೆಸರು ನೀರಲ್ಲಿ ಒಂದು ಮೊಳ ಆಚೆ ಏನೂ ಕಾಣಲ್ಲ. ಅವು ಕಿವೀಲೇ ನೋಡೋದು" ಎಂದು ಶುರು ಮಾಡಿದಳು. ಡಾಲ್ಫಿನ್ ಹಣೆಯ ಕೊಬ್ಬಿನ ಮೂಲಕ ಟಕ್ ಎಂದು ಒಂದು ಸದ್ದು ಬಿಡುತ್ತದೆ. ಅದು ಮೀನಿಗೋ ಬಂಡೆಗೋ ಬಡಿದು ಮರಳಿದಾಗ ಕೆಳದವಡೆಯ ಮೂಲಕ ಕಿವಿಗೆ ಹೋಗುತ್ತದೆ. ಒಂದು ಸದ್ದಿನ ಪ್ರತಿಧ್ವನಿ ಬರುವ ತನಕ ಸಾಮಾನ್ಯವಾಗಿ ಮುಂದಿನದನ್ನು ಬಿಡುವುದಿಲ್ಲ. ವಸ್ತು ದೂರವಿದ್ದರೆ ಟಕ್‌ಗಳ ನಡುವೆ ಅಂತರ ಹೆಚ್ಚು. ಹತ್ತಿರವಾದಂತೆ ಅವು ಒತ್ತೊತ್ತಾಗಿ, ಕೊನೆಗೆ ತುಕ್ಕು ಹಿಡಿದ ಬಾಗಿಲು ಕಿರುಗುಟ್ಟಿದಂತೆ ಕೇಳುತ್ತದೆ. ಇಷ್ಟು ನನಗೂ ಅರ್ಥವಾಯಿತು. ಆಮೇಲೆ ಇನ್ನೂ ಒಂದು ಹೇಳಿದಳು. ಹೊರಗಿನಿಂದ ಒಂದೇ ಅಳತೆಯ ಎರಡು ಕೊಳವೆಗಳ ಗೋಡೆಯ ದಪ್ಪದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಡಾಲ್ಫಿನ್ ಹೇಳಬಲ್ಲದಂತೆ. ಗೋಡೆಯ ಹೊರಮೈಯಿಂದ ಒಂದು, ಒಳಮೈಯಿಂದ ಒಂದು, ಎರಡು ಪ್ರತಿಧ್ವನಿ ಬರುತ್ತವೆ. ಎರಡನ್ನೂ ಬಿಡಿಬಿಡಿಯಾಗಿ ಕೇಳಲಾಗದಷ್ಟು ಹತ್ತಿರ. ಆದರೆ ಎರಡೂ ಬೆರೆತಾಗ ಸದ್ದಿನ ಬಣ್ಣ ಬದಲಾಗುತ್ತದೆ. ಆ ಬಣ್ಣವನ್ನು ಅದು ಗುರುತಿಸುತ್ತದೆ. ನಾನು ಜೀವಮಾನವೆಲ್ಲ ಯಂತ್ರ ಹಿಡಿದು ಮಾಡಿದ್ದು ಇದನ್ನೇ.

ಅವಳು ಒಂದು ಪರೀಕ್ಷೆ ಇಟ್ಟಳು. ದಪ್ಪ ಬೇರೆಯಾದ ಎರಡು ಕೊಳವೆಗಳ ಪ್ರತಿಧ್ವನಿಯನ್ನು ಮನುಷ್ಯರ ಕಿವಿಗೆ ಎಟುಕುವಷ್ಟು ನಿಧಾನ ಮಾಡಿ ಹತ್ತು ಸಲ ಕೇಳಿಸಿದಳು. ಯಾವುದು ದಪ್ಪದ್ದು, ಯಾವುದು ತೆಳುವಾದದ್ದು ಹೇಳಬೇಕು. ನನಗೆ ಸರಿಯಾದದ್ದು ನಾಲ್ಕು.

ಆ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಟಕ್ ಟಕ್ ಎಂದು ಯಾರೋ ಬಡಿಯುತ್ತಿದ್ದರು. ಕಚೇರಿಗೆ ಹೊಸ ಟೈಲ್ಸ್ ಹಾಕಿದ್ದರು. ವಿಜ್ಞಾನಿ ಎದ್ದು ಹೋಗಿ ನೋಡಿದಳು. ನಾನೂ ಬಾಗಿಲಿಗೆ ಹೋದೆ. ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಕುಕ್ಕರಗಾಲಿನಲ್ಲಿ ಕೂತು, ಗಿಡ್ಡ ಕೋಲಿನಿಂದ ಒಂದೊಂದೇ ಟೈಲನ್ನು ಬಡಿದು, ಕತ್ತು ಓರೆ ಮಾಡಿ ಕೇಳಿ, ಕೆಲವಕ್ಕೆ ಸೀಮೆಸುಣ್ಣದಿಂದ ಅಡ್ಡಗೆರೆಯ ಗುರುತು, ಅವಳ ಮಾತಿನಲ್ಲಿ ಕಟ್ಟು, ಹಾಕುತ್ತಿದ್ದಳು. ವಿಜ್ಞಾನಿ ಹಿಂದಿಯಲ್ಲಿ ಕೇಳಿದ್ದಕ್ಕೆ ಅವಳು ಹಿಂದಿಯಲ್ಲೇ ಏನೋ ಹೇಳಿದಳು. ನಾವಿಬ್ಬರೂ ಕನ್ನಡ ಮಾತಾಡಿದ್ದು ಕೇಳಿ ಮುಖ ಅರಳಿತು.

"ಅಯ್ಯ, ನಮ್ಮೋರೇನ್ರಿ! ಪೊಳ್ಳ ನೋಡ್ಲತ್ತೀನ್ರಿ ಅಕ್ಕಾ. ಬುಡಕ ಸಿಮೆಂಟ್ ಕೂಡದಿದ್ರ ಟೈಲ್ಸ್ ಪೊಳ್ಳ ಅಂತದ. ನಾ ಕಟ್ಟು ಹಾಕಿದ್ದೆಲ್ಲ ಕಿತ್ತಿ ಮತ್ತ ಹಾಕ್ತಾರ."

ವಿಜ್ಞಾನಿ ಅವಳ ಕೈ ಹಿಡಿದು ಎಳೆದುಕೊಂಡು ಬಂದು ಹೆಡ್‌ಫೋನ್ ಹಾಕಿಸಿದಳು. ಹತ್ತರಲ್ಲಿ ಒಂಬತ್ತು. ಇಡೀ ಕಚೇರಿ ನಕ್ಕಿತು. "ಕಾಕಾ, ಆಪ್ಕಾ ಸರ್ಟಿಫಿಕೇಟ್ ಬಾಯಿ ಕೋ ದೇ ದೋ" ಎಂದ ಎಂಜಿನಿಯರ್. ನಿಮ್ಮ ಸರ್ಟಿಫಿಕೇಟನ್ನು ಈ ಬಾಯಿಗೆ, ಈ ಹೆಂಗಸಿಗೆ, ಕೊಟ್ಟುಬಿಡಿ. ನಾನೂ ನಕ್ಕೆ. ಒಳಗೆ ಏನು ನಡೆಯಿತೆಂದು ಈಗ ಮುಚ್ಚಿಡುವುದಿಲ್ಲ: ಆ ಸೀಮೆಸುಣ್ಣ ಮೆತ್ತಿದ ಬೆರಳುಗಳನ್ನು ನೋಡಿ ನನಗೆ ಅಸಹ್ಯವಾಯಿತು. ಕೋಲು ಬಡಿಯುವವಳು ನನ್ನ ಸಮಕ್ಕೆ ಕೂರುವುದೇ ಎನ್ನಿಸಿತು.

ಸಮಕ್ಕೆ ಕೂತಳು. ನಿಯಮದಂತೆ ದೋಣಿಯಲ್ಲಿ ಇಬ್ಬರು ಬೇಕಿತ್ತು. ಒಬ್ಬರು ಸ್ಕ್ರೀನಿಗೆ, ಒಬ್ಬರು ಹೆಡ್‌ಫೋನಿಗೆ. ವಿಜ್ಞಾನಿ ಹೆಡ್‌ಫೋನನ್ನು ಅವಳಿಗೆ ಕೊಟ್ಟು ಊರಿಗೆ ಹೋದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಸದ್ದು ಕೇಳಿಸಿದಾಗ ಗಡಿಯಾರ ನೋಡಿ ಹೊತ್ತು ಬರೆದು ಮುಂದೆ ಒಂದು ಕಟ್ಟು ಹಾಕಬೇಕು. ಹಾಳೆಯ ಮೇಲೆ "ಕೇಳಿದವರು" ಎಂದು ಒಂದು ಕಾಲಂ ಇತ್ತು. ಅಲ್ಲಿ ಅವಳ ಹೆಸರು.

ದಿನವೂ ಹಗಲಿನಲ್ಲಿ ಸಮುದ್ರದ ಇಳಿತಕ್ಕೆ ಹೊರಡುತ್ತಿದ್ದೆವು. ದೋಣಿ ಕೋಲಿ ಸಮುದಾಯದ ಒಬ್ಬ ಮೀನುಗಾರನದು. ಗೊತ್ತುಮಾಡಿದ ಜಾಗದಲ್ಲಿ ಎಂಜಿನ್ ಆರಿಸಿ, ಭಾರ ಕಟ್ಟಿದ ನೀರಿನ ಮೈಕನ್ನು ಇಳಿಬಿಟ್ಟು, ಇಪ್ಪತ್ತು ನಿಮಿಷ ಕೂರುವುದು. ಆಮೇಲೆ ಮುಂದಿನ ಜಾಗ. ಮೈಕಿನಿಂದ ಬಂದದ್ದನ್ನು ಒಂದು ಪೆಟ್ಟಿಗೆ ನಮ್ಮ ಕಿವಿಯ ಮಟ್ಟಕ್ಕೆ ಇಳಿಸಿ ಕೊಡುತ್ತಿತ್ತು. ಖಾಡಿಯ ತಳದಲ್ಲಿ ಇಕ್ಕಳದಂಥ ಕೊಂಡಿ ಚಿಟುಕಿಸುವ ಒಂದು ಜಾತಿಯ ಸಿಗಡಿ ಇದೆ. ಅದರ ಸದ್ದಿನಿಂದ ನನ್ನ ಸ್ಕ್ರೀನ್ ತುಂಬ ಹುಲ್ಲು. ಅಷ್ಟು ಹುಲ್ಲನ್ನು ನಾನು ಆಯುಷ್ಯದಲ್ಲಿ ನೋಡಿರಲಿಲ್ಲ. ಆ ಪೆಟ್ಟಿಗೆಗೂ ಒಂದು ರಿಜೆಕ್ಟ್ ಗುಂಡಿ ಇತ್ತು. ಅದನ್ನು ಮುಟ್ಟಬಾರದು ಎಂದು ವಿಜ್ಞಾನಿ ಹೇಳಿದ್ದಳು. ನನ್ನ ಬೆರಳು ಮೊದಲ ದಿನವೇ ಹೋಯಿತು. ಸ್ಕ್ರೀನ್ ಸ್ವಚ್ಛವಾಯಿತು. ಕೆಲಸ ಎಂದರೆ ಹೀಗಿರಬೇಕು ಅಂದುಕೊಂಡೆ.

ಮೂರನೆಯ ದಿನ ಅವಳು ಹೆಡ್‌ಫೋನಿಗೆ ಎರಡೂ ಕೈ ಒತ್ತಿ ಹಿಡಿದಳು.

"ಕಾಕಾ, ಬಂದ್ವು ನೋಡ್ರಿ."

"ಎಂಥದ್ದು ಬಂದದ್ದು?"

"ಅವೇ ರೀ. ಮದ್ಲ ದೂರ ದೂರ ಟಕ್ ಅಂತಿದ್ವು. ಈಗ ಲಗೂ ಲಗೂ ಆಗ್ಲತ್ತಾವ."

"ಸ್ಕ್ರೀನಿನಲ್ಲಿ ಎಂಥದೂ ಇಲ್ಲ ಮಾರಾಯ್ತಿ. ಸಿಗಡಿ ಅದು."

"ಸಿಗಡಿ ಸಾಸಿವಿ ಸಿಡದಂಗ ಅಡ್ಡಾದಿಡ್ಡಿ ಅದಾವ್ರಿ. ಇದು ನಾ ಕೋಲು ಬಡದಂಗ ಅದ. ಬಡೀತದ, ಕೇಳ್ತದ, ಮತ್ತ ಬಡೀತದ."

"ನಿನ್ನ ಕಿವಿಯೊಳಗೆ ಸಿಮೆಂಟ್ ಹೋಗಿದೆ."

"ಹೋಗ್ಯಾದ್ರಿ, ಹದಿನೈದು ವರ್ಷದ್ದು!" ಎಂದು ನಕ್ಕಳು. "ಆದ್ರೂ ಕೇಳಸ್ತದ."

ದೋಣಿಯವ ಹಿಂದಿನಿಂದ, "ಖರಂ ಆಹೇ, ಕಾಕಾ. ಥಂಡೀತ್ ಯೇತಾತ್" ಎಂದ. ನಿಜ, ಚಳಿಯಲ್ಲಿ ಬರುತ್ತವೆ. ನಿನ್ನ ಎಂಜಿನ್ ನೋಡಿಕೊ ಎಂದು ಅವನ ಬಾಯಿ ಮುಚ್ಚಿಸಿದೆ. ಮಂಜು ಕವಿದಿತ್ತು, ನೀರಿನ ಮೇಲೆ ಏನೂ ಕಾಣಲಿಲ್ಲ.

ಅವಳು ಕಟ್ಟು ಹಾಕಿದಳು. ಆಮೇಲೆ ಹೆಚ್ಚುಕಡಿಮೆ ಪ್ರತಿ ಇಳಿತಕ್ಕೂ ಹಾಕಿದಳು. ಒಂದು ಬೆಳಿಗ್ಗೆ ಹೆಡ್‌ಫೋನಿನೊಳಗೇ ನಗತೊಡಗಿದಳು. "ಕಾಕಾ, ಒಂದು ದೊಡ್ಡದು, ಸಂಗಟ ಒಂದು ಸಣ್ಣದು ಅದ. ಸಣ್ಣದು ಗಡಬಡಿ ಮಾಡ್ತದ. ಕೇಳೂಕಿಂತ ಮದ್ಲೇ ಮತ್ತ ಬಡೀತದ. ಇನ್ನಾ ಕಲೀಲತ್ತದ. ನನ್ನ ಮಗಳು ಕೋಲು ಹಿಡದ ಹೊಸದಾಗಿ ಹಿಂಗೇ ಮಾಡ್ತಿದ್ಳು." ಹೆಡ್‌ಫೋನ್ ತೆಗೆದು ನನಗೆ ಚಾಚಿದಳು. "ಒಂದೀಟು ಕೇಳ್ರಲ್ಲ."

ನಾನು ತೆಗೆದುಕೊಳ್ಳಲಿಲ್ಲ. ಅವಳ ಎಣ್ಣೆತಲೆಯ ಹೆಡ್‌ಫೋನ್ ನನಗೆ ಬೇಡ ಎಂದೆ. ಈ ಮಾತನ್ನೂ ಸಭಾಗೃಹದಲ್ಲಿ ಹೇಳಿದ್ದೆ. ಅದಕ್ಕೇ ಎಲ್ಲಕ್ಕಿಂತ ಜಾಸ್ತಿ ನಕ್ಕಿದ್ದರು.

ಹೀಗೆ ಐದು ವಾರ. ಅವಳ ಹಾಳೆ ತುಂಬ ಕಟ್ಟು, ನನ್ನ ಫೈಲು ತುಂಬ ಏನೂ ಇಲ್ಲ. ಎಂಜಿನಿಯರಿಗೆ ನನ್ನ ಫೈಲೇ ಇಷ್ಟ.

ಅಂತಿಮ ಮೀಟಿಂಗಿಗೆ ಎರಡು ದಿನ ಇರುವಾಗ ಹೆಡ್‌ಫೋನಿನ ತಂತಿ ಕಿತ್ತು ಬಂತು. ಕಚೇರಿಯಲ್ಲಿ ಕೂತು ಅದನ್ನು ಮತ್ತೆ ಬೆಸೆಯಲು ಪೆಟ್ಟಿಗೆಯ ಹಿಂಬದಿ ಬಿಚ್ಚಿದೆ. ಮುಚ್ಚಳದ ಒಳಗೆ ನಕ್ಷೆ ಅಂಟಿಸಿದ್ದರು. ಮೈಕಿನಿಂದ ಬಂದ ಗೆರೆ ಎರಡಾಗಿ ಒಡೆದಿತ್ತು. ಒಂದು ನೇರ ಹೆಡ್‌ಫೋನಿಗೆ. ಇನ್ನೊಂದು ರಿಜೆಕ್ಟ್ ಗುಂಡಿಯನ್ನು ದಾಟಿ ಸ್ಕ್ರೀನಿಗೆ, ಅಲ್ಲಿಂದ ಫೈಲಿಗೆ. ಅಂದರೆ ನಾನು ಕತ್ತರಿಸಿದ್ದು ನನಗೂ ಕಾಣುತ್ತಿರಲಿಲ್ಲ, ಫೈಲಿನಲ್ಲೂ ಉಳಿದಿರಲಿಲ್ಲ. ಅವಳಿಗೆ ಮಾತ್ರ ಎಲ್ಲವೂ ಕೇಳಿಸುತ್ತಿತ್ತು. ದೂರದ ಡಾಲ್ಫಿನ್‌ಗಳ ಸದ್ದು ಹುಲ್ಲಿನಷ್ಟೇ ಎತ್ತರ. ಹುಲ್ಲಿನೊಂದಿಗೆ ಅವನ್ನೂ ಐದು ವಾರ ಕೊಯ್ದು ಎಸೆದಿದ್ದೆ.

ಅವತ್ತು ಇಬ್ಬರೂ ಒಂದೇ ಲೋಕಲ್ ಗಾಡಿಯಲ್ಲಿ ಥಾಣೆ ರೈಲು ನಿಲ್ದಾಣಕ್ಕೆ ಬಂದೆವು. ಅಲ್ಲಿ ಗಾಡಿ ಬದಲಿಸಬೇಕು. ಪ್ಲಾಟ್‌ಫಾರ್ಮಿನಲ್ಲಿ ಅವಳು ಲೇಡೀಸ್ ಡಬ್ಬಿಯತ್ತ ಓಡುತ್ತಾ, "ಕಾಕಾ, ನಾಳಿ ಅದು ಇನ್ನಾ ಛಲೋ ಬಡೀತದ ನೋಡ್ರಿ, ದಿನಾ ಸುಧಾರಸ್ಲತ್ತದ" ಎಂದು ಕೂಗಿ ಹೇಳಿದಳು. ಸಣ್ಣದರ ಬಗ್ಗೆ. ಅವಳು ಮುಂದಿನ ಕಳವಾ ಸ್ಟೇಷನ್ನಿನಲ್ಲಿ ಇಳಿದುಹೋದಳು, ನಾನು ಡೊಂಬಿವಲಿ ತನಕ ಬಾಗಿಲ ಕಂಬ ಹಿಡಿದು ನಿಂತು ಲೆಕ್ಕ ಹಾಕಿದೆ. ಇನ್ನೂ ಎರಡು ಇಳಿತ ಇತ್ತು. ಗುಂಡಿಯನ್ನು ಸೊನ್ನೆಗೆ ತಂದರೆ ಸಾಕು, ಎರಡೇ ದಿನದ ಫೈಲು ಸತ್ಯ ಹೇಳುತ್ತಿತ್ತು. ಹಾಗೆ ಮಾಡಿದರೆ ಹಿಂದಿನ ಐದು ವಾರದ ಫೈಲು ಕಸ. ಅದನ್ನು ಕಸ ಮಾಡಿದವನು ಸರ್ಟಿಫಿಕೇಟ್ ಇದ್ದವನು, ಸರಿಯಾಗಿ ಕೇಳಿದವಳು ಕೋಲು ಬಡಿಯುವವಳು.

ಮರುದಿನ ಗುಂಡಿಯನ್ನು ಸೊನ್ನೆಗೆ ತರಲಿಲ್ಲ. ಅದರ ಮರುದಿನವೂ ತರಲಿಲ್ಲ. ಐದು ವಾರ ಚಾಳಿ ಎನ್ನಬಹುದು. ಆ ಎರಡು ದಿನಕ್ಕೆ ಬೇರೆ ಹೆಸರಿದೆ, ಅದು ನನಗೆ ಗೊತ್ತು.

ಮೀಟಿಂಗಿನಲ್ಲಿ ಪರವಾನಗಿ ಕೊಡುವ ಕಡೆಯ ಒಬ್ಬ ಅಧಿಕಾರಿ, ಎಂಜಿನಿಯರ್, ನಾನು. ವಿಜ್ಞಾನಿ ಬೇರೆಲ್ಲೋ ಸಮುದ್ರದ ದಂಡೆಯಿಂದ ಫೋನಿನಲ್ಲಿ ಇದ್ದಳು. ಹಾಳೆಗೂ ಫೈಲಿಗೂ ತಾಳೆಯಾಗುತ್ತಿಲ್ಲ ಎಂದು ಕೇಳಿದವಳೇ ಕನ್ನಡದಲ್ಲಿ, "ಅಂಕಲ್, ರಿಜೆಕ್ಟ್ ಸೊನ್ನೇಲೇ ಇತ್ತಲ್ವಾ?" ಎಂದಳು.

"ಸೊನ್ನೆಯಲ್ಲೇ ಇತ್ತು" ಎಂದೆ.

ಅವಳು ಇನ್ನೇನೋ ಕೇಳುವಷ್ಟರಲ್ಲಿ ಲೈನ್ ಹೋಯಿತು. ಮತ್ತೆ ಸಿಗಲಿಲ್ಲ. ಹಾಗಾದರೆ ಈ ಕಟ್ಟುಗಳೆಲ್ಲ ಏನು ಎಂದು ಅಧಿಕಾರಿ ಕೇಳಿದ. ಕೆಲಸ ಮುಗಿಯಬಾರದೆಂದು ಹಾಕಿದ್ದು, ಓದು ಬರಹ ಇಲ್ಲದವಳು ಎಂದೆ. ಗಾಜಿನ ಬಾಗಿಲಿನ ಆಚೆ ಅವಳು ಸ್ಟೂಲಿನ ಮೇಲೆ ಕೂತಿದ್ದಳು. ಆ ಕಿವಿಗೆ ಗಾಜು ಯಾವ ಲೆಕ್ಕ? ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಬಂದವಳು ಅಧಿಕಾರಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಕಾಕಾ, ಎಲ್ರನೂ ದೋಣ್ಯಾಗ ಕರ್ಕೊಂಡು ನಡೀರಿ. ಎಲ್ರ ಕಿವಿಗೂ ಹಚ್ಚರಿ. ನಾ ಸುಳ್ಳಾದ್ರ ನಾನೇ ಹೋಗ್ತೀನಿ, ನೀವು ಕಳಸೂದು ಬ್ಯಾಡ. ಅವು ಅದಾವ, ಕಾಕಾ. ಕೂಸು ಅದ."

ಅಧಿಕಾರಿ ನನ್ನ ಕಡೆ ತಿರುಗಿ ಮರಾಠಿಯಲ್ಲಿ, "ಕಾಯ್ ಮ್ಹಣತೇಯ್ ತೀ?" ಎಂದ. ಏನಂತೆ ಅವಳದು?

ಅವಳನ್ನು ಬಿಟ್ಟರೆ ಆ ಕೋಣೆಯಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. "ಕೆಲಸದಿಂದ ತೆಗೆಯಬೇಡಿ ಎನ್ನುತ್ತಾಳೆ, ಮನೆಯಲ್ಲಿ ಕೂಸು ಇದೆಯಂತೆ" ಎಂದು ಮರಾಠಿಯಲ್ಲಿ ಹೇಳಿದೆ.

ಹದಿನೈದು ವರ್ಷ ಇಲ್ಲಿದ್ದವಳಿಗೆ ಅಷ್ಟು ಮರಾಠಿ ತಿಳಿಯುವುದಿಲ್ಲವೇ? ತಿಳಿಯಿತು. ಮುಖದಲ್ಲಿ ಕಂಡೆ. ಅವಳು ಬೇಕೆಂದರೆ ತಾನೇ ಹಿಂದಿಯಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ನಮ್ಮವನು ಎಂದು ನನ್ನ ಹತ್ತಿರ ಕನ್ನಡದಲ್ಲಿ ಹೇಳಿದ್ದಳು. ನಾನು ಹೀಗೆ ಮಾಡಿದ ಮೇಲೆ ಅವಳಿಗೆ ಆ ಕೋಣೆಯಲ್ಲಿ ಯಾರಿಗೂ ಏನೂ ಹೇಳುವುದು ಬೇಡವಾಗಿರಬೇಕು. "ಬಾಯಿ, ಕಲ್ ಸೇ ಮತ್ ಆನಾ" ಎಂದ ಎಂಜಿನಿಯರ್. ನಾಳೆಯಿಂದ ಬರಬೇಡ. ಅವಳು ಹೆಡ್‌ಫೋನಿನ ತಂತಿಯನ್ನು ನೀಟಾಗಿ ಸುತ್ತಿ ಮೇಜಿನ ಮೇಲಿಟ್ಟು ಹೋದಳು. ಹಾಳೆಗಳನ್ನು ಹೊಸದಾಗಿ ಬರೆಯಲು ಹೇಳಿದರು. ಕಟ್ಟುಗಳಿಲ್ಲದ ಹಾಳೆ ಬರೆದೆ. "ಕೇಳಿದವರು" ಎಂಬಲ್ಲಿ ನನ್ನ ಹೆಸರು ಹಾಕಿದೆ.

ಕಂಬ ಬಡಿಯುವ ಮೊದಲ ದಿನ ನಿಯಮದ ಪ್ರಕಾರ ದೋಣಿಯಲ್ಲಿ ಯಾರಾದರೂ ಇರಬೇಕಿತ್ತು. ನಾನೊಬ್ಬನೇ ಹೋದೆ. ದೋಣಿಯವ ನನ್ನೊಡನೆ ಮಾತಾಡುವುದನ್ನು ಬಿಟ್ಟಿದ್ದ. ಮೈಕ್ ಇಳಿಬಿಟ್ಟು ಅವಳ ಹೆಡ್‌ಫೋನ್ ಹಾಕಿಕೊಂಡೆ. ಮೊದಲು ಸಿಗಡಿಯ ಸಾಸಿವೆ. ಆಮೇಲೆ ಅದರ ನಡುವಿನಿಂದ, ದೂರದಲ್ಲಿ, ಟಕ್. ಬಿಟ್ಟು, ಟಕ್. ಅವಳು ಹೇಳಿದ ಹಾಗೇ ಇತ್ತು. ಬಡಿದು, ಕೇಳಿ, ಮತ್ತೆ ಬಡಿಯುವುದು. ಅದರ ಪಕ್ಕದಲ್ಲಿ ಇನ್ನೊಂದು, ಅವಸರದ್ದು, ಸಾಲು ತಪ್ಪುತ್ತಿತ್ತು. ಗುಂಡಿಯನ್ನು ಸೊನ್ನೆಗೆ ತಂದೆ. ಸ್ಕ್ರೀನಿನ ಹುಲ್ಲಿನಲ್ಲಿ ಎರಡು ಸಾಲು ಎದ್ದು ನಿಂತವು.

ಆಗ ಕಂಬ ಬಡಿಯಲು ತಂದ ಬಾರ್ಜಿನ ಮೇಲಿಂದ ಸುತ್ತಿಗೆ ಬಿತ್ತು. ನಾನು ಹೆಡ್‌ಫೋನ್ ಕಿತ್ತೆಸೆದೆ. ಕಿವಿಯೊಳಗೆ ಕಾಯಿಸಿದ ಸಲಾಕೆ ಹೊಕ್ಕಂತಾಯಿತು. ಮತ್ತೆ ಹಾಕಿಕೊಂಡಾಗ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಆ ಸಣ್ಣದು ಬಡಿಯುತ್ತಲೇ ಇತ್ತು. ಒತ್ತೊತ್ತಾಗಿ, ಕೇಳಿಸಿಕೊಳ್ಳಲು ಪುರಸೊತ್ತೇ ಇಲ್ಲದ ಹಾಗೆ. ಅದಕ್ಕೆ ತನ್ನ ಪ್ರತಿಧ್ವನಿ ಸಿಗುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಗದ್ದಲದಲ್ಲಿ ಸಿಕ್ಕಿರಲಾರದು. ಸ್ವಲ್ಪ ಹೊತ್ತಿನಲ್ಲಿ ದೊಡ್ಡದು ದೂರವಾಯಿತು. ಆಮೇಲೆ ಸಣ್ಣದೂ ಕೇಳಿಸಲಿಲ್ಲ. ಮಾರನೆಯ ದಿನ, ಅದರಾಚೆಗೆ, ಸಾಸಿವೆ ಮಾತ್ರ.

ನನ್ನ ಕೈಯಲ್ಲಿ ಫೋನಿತ್ತು. ಬಡಿಯುವುದನ್ನು ನಿಲ್ಲಿಸಲು ಒಂದು ಮಾತು ಸಾಕಿತ್ತು. ಮಾಡಲಿಲ್ಲ. ಆ ದಿನದ ಹಾಳೆಯಲ್ಲಿ "ಏನೂ ಇಲ್ಲ" ಎಂದು ಬರೆದೆ. ಎಂಜಿನಿಯರನನ್ನು ಬಹಳ ವರ್ಷ ಬೈದುಕೊಂಡೆ, ಅಧಿಕಾರಿಯನ್ನು ಬೈದೆ, ಉಸ್ತಾದನನ್ನೂ ಬೈದೆ. ಅವರಲ್ಲಿ ಒಬ್ಬರೂ ನನ್ನ ನಾಲಿಗೆ ಹಿಡಿದು ತಿರುಗಿಸಿರಲಿಲ್ಲ.

ಕಳೆದ ವರ್ಷ ನಮ್ಮ ಹಳೆಯ ಕಟ್ಟಡ ಕೆಡವಿ ಕಟ್ಟಿದ ಹೊಸ ಫ್ಲ್ಯಾಟ್ ನೋಡಲು ಹೋಗಿದ್ದೆ. ಲಿಫ್ಟಿನಿಂದ ಹೊರಬರುವಾಗಲೇ ಕೇಳಿಸಿತು: ಟಕ್, ಟಕ್, ನಡುವೆ ಬಿಡುವು. ಒಳಗೆ ಹೋದೆ. ಹಾಲಿನಲ್ಲಿ ಅವಳೇ. ಕೂದಲು ನೆರೆತಿತ್ತು. ಗೋಡೆ ಪಕ್ಕ ಸುಮಾರು ಟೈಲುಗಳಿಗೆ ಕಟ್ಟು ಬಿದ್ದಿತ್ತು. ಬಾಗಿಲಲ್ಲಿ ನಿಂತ ಕಂತ್ರಾಟುದಾರನನ್ನು, "ಇವಳು ಹಾಕಿದ್ದೆಲ್ಲ ಕೀಳುತ್ತೀರಾ? ಪರೀಕ್ಷೆ ಮಾಡುವುದಿಲ್ಲವಾ?" ಎಂದು ಕೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿ, "ಬಾಯಿ ನೇ ಬೋಲಾ ನಾ" ಎಂದ. ಬಾಯಿ ಹೇಳಿದಳಲ್ಲ.

ಅವಳು ತಲೆ ಎತ್ತಿದಳು. ಗುರುತು ಸಿಕ್ಕಿತು. ಕಾಕಾ ಎನ್ನಲಿಲ್ಲ.

"ಸಾಹೇಬ್ರ, ಸ್ವಲ್ಪ ಸರೀರಿ. ನೀವು ನಿಂತಲ್ಲಿ ನೋಡೂದದ."

ಸರಿದೆ. ಬಡಿದಳು, ಕತ್ತು ಓರೆ ಮಾಡಿ ಕೇಳಿದಳು, ಮತ್ತೆ ಬಡಿದು ಕಟ್ಟು ಹಾಕಿದಳು. ನಾನು ಬಾಯಿ ತೆರೆದೆ. "ನೀರು ಬೇಕಾ?" ಎಂಬುದಷ್ಟೇ ಬಂತು.

"ಬ್ಯಾಡ್ರಿ" ಎಂದು ಪಕ್ಕದ ಕೋಣೆಗೆ ಹೋದಳು. ಅಲ್ಲಿ ಬಡಿಯುವುದು ಮುಗಿಯುವವರೆಗೂ ನಾನು ಹಾಲಿನಲ್ಲೇ ನಿಂತಿದ್ದೆ. ಮುಗಿದ ಮೇಲೆ ಅವಳು ಬೇರೆ ಬಾಗಿಲಿನಿಂದ ಹೋಗಿಬಿಟ್ಟಿದ್ದಳು.

ನಾನು ತಿದ್ದಿ ಬರೆದ ಹಾಳೆಯ ನಕಲು ಕಪಾಟಿನಲ್ಲಿ ಆ ಶಾಲಿನ ಕೆಳಗೆ ಇದೆ. ಇವತ್ತು ಹೊರತೆಗೆದು ಒಂದು ಕಾಲಂನಲ್ಲಿ ನನ್ನ ಹೆಸರನ್ನು ಹೊಡೆದುಹಾಕಿ ಅವಳದನ್ನು ಬರೆದಿದ್ದೇನೆ. ಸಂಚಿಕೆಯವರು ಇದನ್ನು ಅಚ್ಚು ಹಾಕುವುದಾದರೆ ಅದನ್ನೂ ಹಾಕಲಿ, ತಪ್ಪಿಲ್ಲದೆ ಹಾಕಲಿ.

ಕೇಳಿದವರು: ಚಂದಮ್ಮ.